ಬ್ಲಾಕ್ ಕಲಿಸೀರಿ, ಇನ್ನ ಕೈ ಬಿಡಿಸ್ಕೊಳ್ಳೋದು ಕಲಿಸ್ರಿ

“ಅಕ್ಕಾರ, ಬಸ್ಸಿನ್ಯಾಗ ಹಿಂದ ನಿಂತಾಂವ ಮೈಮುಟ್ಟಿದ್ರ ಯಾವ ಬ್ಲಾಕ್ ಹೊಡೀಬೇಕ್ರಿ?”

ಒಂಬತ್ತನೆತ್ತೆ ಕಲಿಯುವ ಹುಡುಗಿ ಕೇಳಿದ ಪ್ರಶ್ನೆ ಇದು. ಹೆಣ್ಣುಮಕ್ಕಳ ಕರಾಟೆ ತರಬೇತಿಯ ಸುದ್ದಿ ಮಾಡಲು ನಮ್ಮ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಮೈದಾನದಲ್ಲಿ ನಾಲ್ಕು ಸಾಲು ಹುಡುಗಿಯರು. ಮಾಸ್ತರು “ಇಚ್, ನೀ, ಸಾನ್” ಎಂದು ಎಣಿಸಿದಂತೆ ಎಲ್ಲರ ಕೈ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ಫೋಟೊ ಚಲೋ ಬಂತು. ಹೊರಡುವಾಗ ಈ ಹುಡುಗಿ ಹತ್ತಿರ ಬಂದು, ಮಾಸ್ತರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ನಾನೂ ಅದೇ ಸಾಲಿನಲ್ಲಿ ನಿಂತು ಬಂದವಳು. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಕರಾಟೆ ಕಲಿತು ಹಳದಿ ಬೆಲ್ಟ್ ತಗೊಂಡಿದ್ದೆ. ಮುಂದೆ ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ತುಂಬಿದ ಬಸ್ಸಿನಲ್ಲಿ ಒಬ್ಬಾತ ಹಿಂದಿನಿಂದ ಕೈ ಹಾಕಿದ. ನನ್ನ ಕೈಯೂ ಏಳಲಿಲ್ಲ, ಬಾಯಿಯೂ ಏಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆ. ಕಲಿತದ್ದೆಲ್ಲ ಎಲ್ಲಿ ಹೋಯಿತು ಎಂದು ಬಹಳ ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಈಗ ಅನಿಸುತ್ತದೆ, ಬಯ್ಯಬೇಕಾದದ್ದು ನನ್ನನ್ನಲ್ಲ. ನನಗೆ ಕಲಿಸಿದ್ದು ಎದುರಿಗೆ ನಿಂತು ಗುದ್ದುವವನನ್ನು ತಡೆಯುವುದನ್ನು. ನನಗೆ ಎದುರಾದವನು ಎದುರಿಗೆ ಇರಲೇ ಇಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಇಷ್ಟೇ. ನಮ್ಮ ಹೆಣ್ಣುಮಕ್ಕಳಿಗೆ ಕರಾಟೆ ಬೇಕು. ಆದರೆ ಆ ಬ್ಲಾಕ್‌ಗಳು ಯಾತಕ್ಕೆ ಇವೆ ಎಂಬುದನ್ನೂ ಸೇರಿಸಿ ಕಲಿಸಬೇಕು.

ಸರಕಾರ ಏನು ಕೊಟ್ಟಿದೆ?

ಸಮಗ್ರ ಶಿಕ್ಷಣ ಅಭಿಯಾನದಲ್ಲಿ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ಪ್ರಶಿಕ್ಷಣ’ ಎಂಬ ಕಾರ್ಯಕ್ರಮ ಇದೆ. ಸರಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ತರಬೇತಿ. ಇದಕ್ಕೆ ಒಂದು ಶಾಲೆಗೆ ತಿಂಗಳಿಗೆ 5,000 ರೂಪಾಯಿಯಂತೆ ಹಣ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯೂ ವಸತಿ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆ ಕಲೆ ಕಲಿಸುವ ಯೋಜನೆ ತಂದಿದೆ. ಇವು ಒಳ್ಳೆಯ ಕೆಲಸಗಳು, ನಿಲ್ಲಬಾರದು.

ಆದರೆ ಮೂರು ತಿಂಗಳಲ್ಲಿ ಒಬ್ಬ ಮಾಸ್ತರು ನೂರಾರು ಹುಡುಗಿಯರಿಗೆ ಏನು ಕಲಿಸಿಯಾರು? ಸಾಲಾಗಿ ನಿಲ್ಲಿಸಿ ಕೈ ಎತ್ತಿಸುತ್ತಾರೆ. ಕೊನೆಗೆ ಗಣ್ಯರ ಮುಂದೆ ಒಂದು ಪ್ರದರ್ಶನ, ಹೆಂಚು ಒಡೆಯುವುದು, ಚಪ್ಪಾಳೆ, ನಮ್ಮಂಥವರ ಫೋಟೊ. ಆ ಮಾಸ್ತರನ್ನೇ ಕೇಳಿದೆ, “ಸರ್, ಈ ಕೆಳಗಿನ ಬ್ಲಾಕ್ ಯಾವಾಗ ಉಪಯೋಗಕ್ಕೆ ಬರ್ತದರಿ?” ಅವರು ನಕ್ಕು ಅಂದರು, “ಕಾಲಿಲೆ ಒದ್ದಾಗ ತಡ್ಯಾಕಂತ ನಮಗ ಹೇಳಿಕೊಟ್ಟಾರ್ರಿ. ಅದಕ್ಕಿಂತ ಹೆಚ್ಚಿಂದು ನಮಗೂ ಯಾರೂ ಹೇಳಿಲ್ರಿ ಮೇಡಮ್.” ಪ್ರಾಮಾಣಿಕ ಮನುಷ್ಯ. ತಪ್ಪು ಅವರದಲ್ಲ.

ಬ್ಲಾಕ್ ಅಂದರೆ ಬರೀ ತಡೆ ಅಲ್ಲ

ಕರಾಟೆ ಬೆಳೆದದ್ದು ಓಕಿನಾವಾ ದ್ವೀಪದಲ್ಲಿ. ಇವತ್ತು ಅದು ಜಪಾನಿಗೆ ಸೇರಿದೆ. ಅಲ್ಲಿ ಆಂಕೊ ಇತೊಸು ಎಂಬ ಹಿರಿಯ ಗುರು 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಶಾಲೆಗಳಿಗೆ ತಂದರು. ಮಕ್ಕಳಿಗೆ ಕಲಿಸಲು ಅನುಕೂಲವಾಗುವಂತೆ ‘ಪಿನಾನ್’ ಎಂಬ ಐದು ಕಟಾ ರೂಪಿಸಿದರು. ಕಟಾ ಎಂದರೆ ಒಬ್ಬರೇ ಮಾಡುವ, ಗೊತ್ತುಮಾಡಿದ ಚಲನೆಗಳ ಸರಣಿ. ಅವರ ಶಿಷ್ಯ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಕರಾಟೆ ಪ್ರದರ್ಶನ ಮಾಡಿ, ಆಮೇಲೆ ಅಲ್ಲಿಯೇ ಕಲಿಸತೊಡಗಿದರು. ಅವರ ಪದ್ಧತಿಯಲ್ಲಿ ಪಿನಾನ್‌ಗೆ ‘ಹೇಯಾನ್’ ಎಂಬ ಹೆಸರು. ನಮ್ಮ ಶಾಲೆಗಳ ಹುಡುಗಿಯರು ಮೈದಾನದಲ್ಲಿ ಮಾಡುವುದು ಹೆಚ್ಚಾಗಿ ಇದನ್ನೇ.

ಶಾಲೆಗೆ ಬಂದಾಗ ಕರಾಟೆ ಕವಾಯತಿನ ರೂಪ ಪಡೆಯಿತು. ಸಾಲು, ಎಣಿಕೆ, ಶಿಸ್ತು ಉಳಿದವು. ಒಬ್ಬರನ್ನೊಬ್ಬರು ಹಿಡಿದು, ತಿರುಚಿ, ಬಿಡಿಸಿಕೊಂಡು ಕಲಿಯುವುದು ಹಿಂದೆ ಸರಿಯಿತು. ಆದರೆ ಇದೇ ಇತೊಸು 1908ರಲ್ಲಿ ಬರೆದ ಹತ್ತು ಅಂಶಗಳ ಪತ್ರದಲ್ಲಿ, ಪ್ರತಿ ಚಲನೆಯ ಅರ್ಥ ತಿಳಿದು ಅಭ್ಯಾಸ ಮಾಡಬೇಕು, ಹಿಡಿತದಿಂದ ಬಿಡಿಸಿಕೊಳ್ಳುವ ವಿದ್ಯೆಯೂ ಇದರಲ್ಲಿದೆ ಎಂಬ ಮಾತನ್ನು ಹೇಳಿದ್ದಾರೆ. ನಾವು ಬಿಟ್ಟದ್ದು ಆ ಅರ್ಥವನ್ನೇ.

ಜಪಾನಿ ಭಾಷೆಯಲ್ಲಿ ಬ್ಲಾಕ್‌ಗೆ ‘ಉಕೆ’ ಎನ್ನುತ್ತಾರೆ. ಬಂದದ್ದನ್ನು ತಗೊಳ್ಳುವುದು ಎಂದು ಅದರ ಅರ್ಥ. ಗರಡಿಮನೆಯಲ್ಲಿ ಮಣ್ಣು ಮೈಗೆ ಹಚ್ಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಾಳಿ ಕೈ ಹಾಕಿದಾಗ ಪೈಲ್ವಾನ ಅದನ್ನು ಬರೀ ತಡೆದು ನಿಲ್ಲುವುದಿಲ್ಲ. ಆ ಕೈಯನ್ನೇ ಹಿಡಿದು ತನ್ನ ಪಟ್ಟಿಗೆ ದಾರಿ ಮಾಡಿಕೊಳ್ಳುತ್ತಾನೆ. ಹಳೆಯ ಕರಾಟೆಯ ಬ್ಲಾಕ್ ಕೂಡ ಇದಕ್ಕೆ ಹತ್ತಿರದ ವಿದ್ಯೆ.

ನಮ್ಮ ಹುಡುಗಿಯರಿಗೆ ಬೇಕಾದದ್ದೂ ಇದೇ. ಡೋಣಿಯಿಂದ ಡಂಬಳಕ್ಕೋ ಮುಂಡರಗಿಗೋ ಗದಗಕ್ಕೋ ಓದಲು ಹೋಗುವ ಹುಡುಗಿಯನ್ನು ಯಾರೂ ಎದುರಿಗೆ ನಿಂತು ಗುದ್ದುವುದಿಲ್ಲ. ಮುಂಗೈ ಹಿಡಿಯುತ್ತಾರೆ. ವೇಲ್ ಜಗ್ಗುತ್ತಾರೆ. ಗದ್ದಲದಲ್ಲಿ ಹಿಂದಿನಿಂದ ಮೈಮೇಲೆ ಬೀಳುತ್ತಾರೆ. ಇದಕ್ಕೆ ಉತ್ತರ ಅವಳು ಕಲಿತ ಬ್ಲಾಕ್‌ಗಳಲ್ಲಿಯೇ ಇದೆ. ಮೂರನ್ನು ನೋಡೋಣ.

ಒಂದು: ಕೆಳಗಿನ ಬ್ಲಾಕ್, ಮುಂಗೈ ಹಿಡಿದಾಗ

‘ಗೆದಾನ್ ಬರಾಯ್’ ಎಂದು ಕರೆಯುವ ಕೆಳಗಿನ ಬ್ಲಾಕ್‌ನಲ್ಲಿ ಒಂದು ಕೈ ಹೆಗಲಿನಿಂದ ಓರೆಯಾಗಿ ಕೆಳಗೆ ಬರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈ ಹಿಂದಕ್ಕೆ ಸೊಂಟಕ್ಕೆ ಹೋಗುತ್ತದೆ. ಎಲ್ಲರೂ ಕೆಳಗೆ ಬರುವ ಕೈ ನೋಡುತ್ತಾರೆ. ಸೊಂಟಕ್ಕೆ ಹೋಗುವ ಕೈ ನೋಡಿ. ಯಾರೋ ಹಿಡಿದಿರುವುದು ಆ ಕೈಯನ್ನು ಎಂದುಕೊಳ್ಳಿ.

ಕೈ ಹಿಡಿದಾಗ ನಾವು ಹಿಂದಕ್ಕೆ ಜಗ್ಗುತ್ತೇವೆ. ಅವನ ಬಲ ಹೆಚ್ಚು, ನಾವು ಸೋಲುತ್ತೇವೆ. ಬದಲಿಗೆ ಅವನ ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಕೂಡುವ ಜಾಗ ನೋಡಬೇಕು. ಯಾವ ಹಿಡಿತವಾದರೂ ಸಡಿಲು ಇರುವುದು ಅಲ್ಲಿ. ನಮ್ಮ ಮುಂಗೈಯ ತೆಳ್ಳನೆಯ ಅಂಚನ್ನು ಆ ಸಂದಿಗೆ ತಿರುಗಿಸಬೇಕು. ಅರ್ಧ ಹೆಜ್ಜೆ ಅವನ ಕಡೆಗೇ ಹೋಗಿ, ಮೊಣಕೈ ಮಡಚಿ, ಆ ಸಂದಿಯ ಮೂಲಕ ಕೈಯನ್ನು ಜೋರಾಗಿ ಸೊಂಟಕ್ಕೆ ಎಳೆಯಬೇಕು. ಅದೇ ಕ್ಷಣಕ್ಕೆ ಇನ್ನೊಂದು ಕೈ ಮೇಲಿನಿಂದ ಅವನ ತೋಳಿನ ಮೇಲೆ ಬೀಳಬೇಕು. ಇದೇ ಕೆಳಗಿನ ಬ್ಲಾಕ್. ಕೈ ಬಿಟ್ಟಿತೋ, ಓಡಬೇಕು.

ಇದು ಎಲ್ಲಿಂದಲೋ ತಂದ ಹೊಸ ಮಾತಲ್ಲ. ಮೊದಲ ಕಟಾ ಹೇಯಾನ್ ಶೋದಾನ್‌ನ ನಾಲ್ಕನೇ ಚಲನೆಯಲ್ಲಿ ಮುಂದಿನ ಕಾಲು ಹಿಂದೆ ತಂದು, ಕೈಯನ್ನು ಸುತ್ತಿ, ಮುಷ್ಟಿಯನ್ನು ಮೇಲಿನಿಂದ ಇಳಿಸುತ್ತಾರೆ. ಹಿಡಿದ ಕೈ ಬಿಡಿಸಿಕೊಂಡು ಹೊಡೆಯುವುದು ಎಂದೇ ಅದರ ಅರ್ಥವನ್ನು ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ಬೆಲ್ಟ್ ಪರೀಕ್ಷೆಗೆ ನಾನು ಅದನ್ನು ನೂರಾರು ಸಲ ಮಾಡಿದ್ದೇನೆ, ಗಾಳಿಯಲ್ಲಿ. ಒಂದು ಸಲವೂ ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಎರಡು: ಮೇಲಿನ ಬ್ಲಾಕ್, ಮುಖಕ್ಕೆ ಕೈ ಬಂದಾಗ

ಮುಖಕ್ಕೆ ಏನಾದರೂ ಬಂದರೆ ಎರಡೂ ಕೈ ತಾವಾಗಿಯೇ ಮೇಲೆ ಏಳುತ್ತವೆ. ಇದು ಹುಟ್ಟಿನಿಂದ ಬಂದದ್ದು. ‘ಆಗೆ ಉಕೆ’ ಎಂಬ ಮೇಲಿನ ಬ್ಲಾಕ್ ಈ ಗುಣವನ್ನೇ ತಿದ್ದಿ ಬಳಸಿಕೊಳ್ಳುತ್ತದೆ. ಕಟಾದಲ್ಲಿ ಗಮನಿಸಿ, ಮೊದಲು ಒಂದು ಕೈ ಮುಂದೆ ಚಾಚುತ್ತದೆ. ಆ ಕೈ ಅವನ ತೋಳನ್ನು ಬದಿಗೆ ಸರಿಸುತ್ತದೆ. ಆಮೇಲೆ ಮೇಲೇಳುವ ಇನ್ನೊಂದು ಮುಂಗೈ ಅವನ ಎದೆಗೋ ಗದ್ದದ ಕೆಳಗೋ ಒತ್ತುತ್ತದೆ. ಅವನು ಒಂದು ಹೆಜ್ಜೆ ಹಿಂದೆ ಹೋದರೆ ಸಾಕು, ನಮಗೆ ದಾರಿ ಸಿಕ್ಕಿತು.

ಹಾರಿ ಬರುವ ಏಟನ್ನು ಕಣ್ಣಿಂದ ನೋಡಿ, ಲೆಕ್ಕ ಹಾಕಿ, ಸರಿಯಾದ ಬ್ಲಾಕ್ ಆರಿಸಿ ತಡೆಯುವುದು ವರ್ಷಗಟ್ಟಲೆ ಕಲಿತವರಿಗೂ ಕಷ್ಟ. ಮೂರು ತಿಂಗಳ ಹುಡುಗಿಗೆ ಅದನ್ನು ನೆಚ್ಚಿಕೊಳ್ಳಲು ಹೇಳುವುದು ಮೋಸ. ತಲೆ ಕಾಯ್ದುಕೋ, ನೂಕು, ಓಡು ಎಂದು ಕಲಿಸುವುದು ಸರಿ.

ಮೂರು: ಸೊಂಟಕ್ಕೆ ಹೋಗುವ ಕೈ, ಹಿಂದಿನಿಂದ ಬಂದಾಗ

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಹುತೇಕ ಬ್ಲಾಕ್‌ಗಳಲ್ಲಿ ಒಂದು ಕೈ ಸೊಂಟಕ್ಕೆ ವಾಪಸ್ ಬರುತ್ತದೆ. ಇದಕ್ಕೆ ‘ಹಿಕಿತೆ’ ಎನ್ನುತ್ತಾರೆ, ಎಳೆಯುವ ಕೈ ಎಂದರ್ಥ. ಕೈ ಸೊಂಟಕ್ಕೆ ಬಂದಾಗ ಮೊಣಕೈ ಎಲ್ಲಿಗೆ ಹೋಗುತ್ತದೆ? ನೇರ ಹಿಂದಕ್ಕೆ. ಹಿಂದೆ ಅಂಟಿಕೊಂಡು ನಿಂತವನ ಪಕ್ಕೆಗೆ.

ಆದರೆ ಬಸ್ಸಿನಲ್ಲಿ ಮೊದಲ ಕೆಲಸ ಮೊಣಕೈಯದಲ್ಲ, ಬಾಯಿಯದು. ಕರಾಟೆಯಲ್ಲಿ ಕೂಗುವುದನ್ನೂ ಕಲಿಸುತ್ತಾರೆ, ‘ಕಿಯಾಯ್’ ಎನ್ನುತ್ತಾರೆ. ನಮ್ಮಲ್ಲಿ ಹುಡುಗಿಯರು ಅದನ್ನು ನಾಚಿಕೊಂಡು ಮೆಲ್ಲಗೆ ಕೂಗುತ್ತಾರೆ. ದೊಡ್ಡ ದನಿ ತೆಗೆಯಬಾರದು ಎಂದು ಹುಟ್ಟಿದಾಗಿನಿಂದ ಹೇಳಿಸಿಕೊಂಡವರು. ಜಪಾನಿ ಕೂಗೇ ಯಾಕೆ ಬೇಕು? “ಏಯ್, ಕೈ ತಗೀ! ಕಂಡಕ್ಟರ್, ಇಂವ ನೋಡ್ರಿ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಲು ಮೈದಾನದಲ್ಲೇ ರೂಢಿ ಮಾಡಿಸಬೇಕು. ಮೈಮುಟ್ಟುವವನ ಧೈರ್ಯ ನಿಂತಿರುವುದು ಇವಳು ಸುಮ್ಮನಿರುತ್ತಾಳೆ ಎಂಬ ನಂಬಿಕೆಯ ಮೇಲೆ. ಕೂಗಿ, ಪಕ್ಕಕ್ಕೆ ತಿರುಗಿ, ಜಾಗ ಬದಲಿಸಬೇಕು. ಆಗಲೂ ಬಿಡದಿದ್ದರೆ ಮೊಣಕೈ ಇದ್ದೇ ಇದೆ.

ಇನ್ನೆರಡು ಮಾತು. ವೇಲ್ ಅಥವಾ ಬ್ಯಾಗ್ ಹಿಡಿದು ಜಗ್ಗಿದರೆ ಅವನ್ನು ಬಿಟ್ಟು ಓಡಬೇಕು, ಪುಸ್ತಕ ಮತ್ತೆ ಸಿಗುತ್ತವೆ. ಜಡೆ ಹಿಡಿದರೆ ಎರಡೂ ಕೈಯಿಂದ ಅವನ ಕೈಯನ್ನು ತಲೆಗೇ ಒತ್ತಿ ಹಿಡಿದರೆ ಜಗ್ಗುವ ನೋವು ಕಡಿಮೆಯಾಗುತ್ತದೆ. ಹಾಗೇ ಅವನ ಕಡೆ ತಿರುಗಿ ಮೊಣಕಾಲಿಗೆ ಒದೆಯಬೇಕು. ಚಾಕು ಕಂಡರೆ ಯಾವ ಬ್ಲಾಕ್ ಕೂಡ ಬೇಡ. ಕೇಳಿದ್ದು ವಸ್ತುವಾದರೆ ಕೊಟ್ಟು ದೂರ ಹೋಗುವುದೇ ಜಾಣತನ. ಸಿನಿಮಾದಲ್ಲಿ ಚಾಕು ಕಿತ್ತುಕೊಳ್ಳುವುದನ್ನು ನಂಬಬೇಡಿ.

ಹೊಡೆದರೆ ನಮ್ಮ ಮೇಲೇ ಕೇಸು ಆಗುತ್ತದೆಯೇ?

ತಾಯಂದಿರು ಈ ಪ್ರಶ್ನೆ ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಂ ಪ್ರಕಾರ ಆತ್ಮರಕ್ಷಣೆಗಾಗಿ ಮಾಡಿದ್ದು ಅಪರಾಧವಲ್ಲ. 35ನೇ ಕಲಂ ಬೇರೆಯವರ ದೇಹ ಕಾಪಾಡಲೂ ಈ ಹಕ್ಕು ಕೊಡುತ್ತದೆ. ಅಂದರೆ ಗೆಳತಿಯನ್ನು ಬಿಡಿಸಲು ಹೋದವಳಿಗೂ ರಕ್ಷಣೆ ಇದೆ. ಆದರೆ 37ನೇ ಕಲಂ ಒಂದು ಗೆರೆ ಎಳೆಯುತ್ತದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಹೆಚ್ಚು ಪೆಟ್ಟು ಕೊಡುವಂತಿಲ್ಲ. ಕೈ ಬಿಡಿಸಿಕೊಂಡು ಓಡಿದರೆ ರಕ್ಷಣೆ. ಅವನು ಬಿದ್ದ ಮೇಲೆ ನಾಲ್ಕು ಮಂದಿ ಸೇರಿ ತುಳಿದರೆ ಅದು ರಕ್ಷಣೆಯಲ್ಲ. ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯ ಉದ್ದೇಶದಿಂದ ಬಂದವನ ವಿಷಯದಲ್ಲಿ ಕಾನೂನು ಇನ್ನೂ ದೊಡ್ಡ ಹಕ್ಕು ಕೊಟ್ಟಿದೆ, ಅದು 38ನೇ ಕಲಂನಲ್ಲಿದೆ.

ಹಿಂಬಾಲಿಸುವುದೂ 78ನೇ ಕಲಂ ಪ್ರಕಾರ ಅಪರಾಧ. ಹುಡುಗಿಗೆ 18 ತುಂಬಿಲ್ಲದಿದ್ದರೆ 2012ರ ಪೋಕ್ಸೊ ಕಾಯ್ದೆ ಇದೆ. ತುರ್ತಿಗೆ 112, ಮಕ್ಕಳಿಗೆ 1098, ಮಹಿಳೆಯರಿಗೆ 181. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ, ಶಾಲೆ, ಮನೆ ಯಾವುದನ್ನೂ ಪತ್ರಿಕೆಯವರು ಹಾಕುವಂತಿಲ್ಲ. ಊರ ತುಂಬ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ನಮ್ಮ ಕಡೆಯಿಂದ ಇದು ಉತ್ತರ. ವಾಟ್ಸಾಪ್ ಗ್ರೂಪಿನಲ್ಲಿ ಹಂಚುವವರಿಗೂ ಈ ಮಾತು ಗೊತ್ತಿರಲಿ.

ಗುರುತಿನವನೇ ಆದರೆ?

ಇದು ಹೇಳಲು ಕಷ್ಟದ ಮಾತು. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಹುಡುಗಿಗೆ ಮೊದಲೇ ಗೊತ್ತಿದ್ದವರು ಎಂದು ಅಪರಾಧ ದಾಖಲೆ ಬ್ಯೂರೊದ ವರದಿಗಳು ವರ್ಷವರ್ಷವೂ ಹೇಳುತ್ತವೆ. ಬಂಧು, ನೆರೆಯವ, ಪರಿಚಯದವ. ಅಂಥವನ ಮುಂದೆ ಮುಷ್ಟಿ ಕಟ್ಟುವ ಮೊದಲು ಮನಸ್ಸಿನಲ್ಲೇ ಒಂದು ಗೋಡೆ ದಾಟಬೇಕು. “ಮಾವ ಅಲ್ಲೇನ, ಹೆಂಗ ಒದರಲಿ?” ಎಂಬ ಗೋಡೆ.

ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 12 ತಾಸಿನ ತರಬೇತಿ ಕೊಟ್ಟರು, ಇನ್ನೊಂದಕ್ಕೆ ಬರೀ ಮಾಹಿತಿ ಪತ್ರ. ಒಂದು ವರ್ಷದ ನಂತರ ನೋಡಿದರೆ ಅತ್ಯಾಚಾರಕ್ಕೆ ಒಳಗಾದವರು ಮಾಹಿತಿ ಪತ್ರದ ಗುಂಪಿನಲ್ಲಿ ಶೇ 9.8, ತರಬೇತಿ ಪಡೆದ ಗುಂಪಿನಲ್ಲಿ ಶೇ 5.2. ಕೈಕಾಲಿನ ವರಸೆ ಅದರಲ್ಲಿ ಒಂದು ಭಾಗ ಮಾತ್ರ. ಪರಿಚಯದವನ ನಡತೆಯಲ್ಲಿ ಅಪಾಯ ಗುರುತಿಸುವುದು, ಸಂಕೋಚ ಬಿಟ್ಟು ಬೇಡ ಎನ್ನುವುದು ದೊಡ್ಡ ಭಾಗ. ನಮ್ಮ ಮೂರು ತಿಂಗಳಿಗೆ ಹೋಲಿಸಿದರೆ 12 ತಾಸು ಬಹಳ ಕಡಿಮೆ. ಏನು ಕಲಿಸುತ್ತೇವೆ ಎಂಬುದೇ ಮುಖ್ಯ.

ಮನೆಯವರಿಗೆ ಒಂದು ಮಾತು

ಡೋಣಿಯ ಬಸ್‌ಸ್ಟಾಪಿನಲ್ಲಿ ಕೆಲವು ತಾಯಂದಿರ ಜೊತೆ ಈ ವಿಷಯ ಮಾತಾಡಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿನ ಖರ್ಚಿಲ್ಲ, ಮಗಳು ಮುಂದೆ ಓದಲಿ ಎಂಬ ಆಸೆ ಎಲ್ಲರಿಗೂ ಇದೆ. “ಮಗಳು ಬಂದು ಹಿಂಗಾತು ಅಂದ್ರ ಏನ್ ಮಾಡ್ತೀರಿ?” ಅಂದೆ. ಒಬ್ಬಾಕೆ ತಡಮಾಡದೆ ಹೇಳಿದರು: “ಸಾಲಿ ಬಿಡಿಸ್ತೇವ್ರಿ. ಮತ್ತೇನ್ ಮಾಡೂದು?” ಉಳಿದವರು ತಲೆ ಅಲ್ಲಾಡಿಸಿದರು.

ಆ ತಾಯಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಮಗಳಿಗೂ ಈ ಉತ್ತರ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಅವಳು ಮನೆಯಲ್ಲಿ ಹೇಳುವುದಿಲ್ಲ. ಬಸ್ಸಿನಲ್ಲಿ ಕೂಗುವುದಿಲ್ಲ. ಕೂಗಿದರೆ ಸುದ್ದಿ ಮನೆಗೆ ಬರುತ್ತದೆ, ಮನೆಗೆ ಬಂದರೆ ಶಾಲೆ ಹೋಗುತ್ತದೆ, ಶಾಲೆ ಹೋದರೆ ಮದುವೆ ಮಾತು ಬರುತ್ತದೆ. ತಪ್ಪು ಮಾಡಿದವನು ಮರುದಿನ ಅದೇ ಬಸ್ಸು ಹತ್ತುತ್ತಾನೆ, ಇವಳು ಮನೆಯಲ್ಲಿ ಉಳಿಯುತ್ತಾಳೆ. ನಾನು ಅವತ್ತು ಸುಮ್ಮನೆ ಇಳಿದು ಹೋದದ್ದಕ್ಕೂ ಈ ಲೆಕ್ಕವೇ ಅರ್ಧ ಕಾರಣ.

ಹಾಗಾಗಿ ಶಾಲೆಗಳಿಗೆ, ಎಸ್‌ಡಿಎಂಸಿ ಸದಸ್ಯರಿಗೆ ನನ್ನ ಕೇಳಿಕೆ ನಾಲ್ಕು. ಸಾಲಿನ ಜೊತೆಗೆ ಜೋಡಿಯಾಗಿ, ಕೈ ಹಿಡಿದು ಬಿಡಿಸಿ ಅಭ್ಯಾಸ ಮಾಡಿಸಿ. ಬಸ್ಸಿನಲ್ಲಿ ಇರುವ ಹಾಗೆಯೇ, ಯೂನಿಫಾರ್ಮಿನಲ್ಲಿ, ಬ್ಯಾಗ್ ಹಾಕಿಕೊಂಡು ಮಾಡಲಿ. ತರಬೇತುದಾರ ಗಂಡಸಾದರೆ ಒಬ್ಬ ಶಿಕ್ಷಕಿ ಕಡ್ಡಾಯವಾಗಿ ಜೊತೆಗಿರಲಿ, ಹುಡುಗಿಯರು ನಾಚದೆ ಪ್ರಶ್ನೆ ಕೇಳುವಂತಾಗಲಿ. ಮೂರು ತಿಂಗಳು ಮುಗಿದ ಮೇಲೆ ಶನಿವಾರದ ಮುಂಜಾನೆ ಶಾಲೆಯಲ್ಲಿ ಹತ್ತು ನಿಮಿಷ ಅದೇ ಅಭ್ಯಾಸ ಮುಂದುವರಿಯಲಿ, ಇದಕ್ಕೆ ದುಡ್ಡು ಬೇಕಿಲ್ಲ. ಗಂಡುಹುಡುಗರನ್ನು ಹೊರಗೆ ಕಳಿಸಬೇಡಿ. ಬೇಡ ಎಂದರೆ ಬೇಡ ಎಂಬುದನ್ನು ಅವರೂ ಕೇಳಲಿ. ಬಸ್ಸಿನಲ್ಲಿ ಒಬ್ಬಳು ಕೂಗಿದಾಗ ಜೊತೆಗೆ ನಿಲ್ಲಬೇಕಾದವರು ಅವರೇ.

ಓಬವ್ವನ ಹೆಸರು ಇಟ್ಟಿದ್ದೇವೆ. ಅವಳಿಗೆ ಯಾರೂ ವರಸೆ ಕಲಿಸಿರಲಿಲ್ಲ ಎಂದೇ ಕಥೆ ಹೇಳುತ್ತದೆ. ಕೈಗೆ ಸಿಕ್ಕ ಒನಕೆ, ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿ, ತಾನು ನಿಂತ ಜಾಗ, ಇವನ್ನು ಸರಿಯಾಗಿ ಬಳಸಿದಳು. ಆ ಬುದ್ಧಿಯನ್ನೂ ಕಲಿಸಬೇಕು.

ಆ ಹುಡುಗಿಗೆ ಮರುವಾರ ಹೋಗಿ ಮೊಣಕೈ ತೋರಿಸಿಕೊಟ್ಟೆ. ಮಾಸ್ತರೂ ನಿಂತು ನೋಡಿದರು. ಆಮೇಲೆ ಅವರೇ ಇಡೀ ಸಾಲನ್ನು ಜೋಡಿಯಾಗಿ ನಿಲ್ಲಿಸಿ ಕೈ ಹಿಡಿಸಿದರು. ಮೊದಮೊದಲು ಹುಡುಗಿಯರು ನಕ್ಕರು. ಹತ್ತು ನಿಮಿಷದ ನಂತರ ಯಾರೂ ನಗುತ್ತಿರಲಿಲ್ಲ, ಬಿಡಿಸಿಕೊಳ್ಳುತ್ತಿದ್ದರು.

ಇದನ್ನು ಓದುತ್ತಿರುವ ಅಪ್ಪ, ಅವ್ವ, ಅಣ್ಣಂದಿರೇ, ಇವತ್ತು ಊಟ ಆದ ಮೇಲೆ ಫೋನು ಕೆಳಗಿಟ್ಟು ಮಗಳ ಮುಂಗೈ ಹಿಡೀರಿ. “ಬಿಡಿಸ್ಕೊ ನೋಡೂಣು” ಅನ್ರಿ. ಬಿಡಿಸಿಕೊಳ್ಳಲಿಕ್ಕೆ ಆಗದಿದ್ದರೆ ಮೇಲೆ ಹೇಳಿದ ಹಾಗೆ ತೋರಿಸ್ರಿ. ಆಮೇಲೆ ಮೆಲ್ಲಗೆ ಕೇಳ್ರಿ, “ಬಸ್ಸಿನ್ಯಾಗ ಏನರ ತ್ರಾಸ ಐತೇನವ್ವಾ?” ಅವಳು ಏನೇ ಹೇಳಲಿ, ಸಾಲಿ ಬಿಡಿಸುವ ಮಾತು ಮಾತ್ರ ಆಡಬ್ಯಾಡ್ರಿ.